ಲಕೋಟೆಯೊಳಗಿದ್ದ ನಡೆ

ಅವತ್ತೂ ಎಂದಿನಂತೆಯೇ ಬೆಳಗಾಯಿತು. ಮಗಳನ್ನು ಸ್ಕೂಲ್ ವ್ಯಾನ್ ಹತ್ತಿಸಿದೆ, ಯಜಮಾನರು ಕಂಪನಿ ಬಸ್ಸಿಗೆ ಓಡಿದರು, ನಾನು ಕುಕ್ಕರ್ ಇಳಿಸಿ ಐರಿಸ್ ಆಂಟಿಯ ವರಾಂಡಕ್ಕೆ ಹೋದೆ. ವೈಟ್‌ಫೀಲ್ಡಿಗೆ ಆಗ ಮೆಟ್ರೊ ಬಂದಿರಲಿಲ್ಲ. ಆಂಟಿಯ ಹಳೇ ಬಂಗಲೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ದೆವ್ವ-ಗಿವ್ವ ಎಂದರೆ ನಾನು ನಗುತ್ತಿದ್ದವಳು. ಕಾನ್ವೆಂಟಿನ ಸಿಸ್ಟರ್‌ಗಳು ಹಾಗೆ ಬೆಳೆಸಿದ್ದರು.

ವರಾಂಡದಲ್ಲಿ ಒಂದು ಚದುರಂಗದ ಮಣೆ. ಅದರ ಮೇಲೆ ಅರ್ಧಕ್ಕೆ ನಿಂತ ಆಟ. ಅದರ ಧೂಳು ಒರೆಸುವುದು ನನ್ನ ಕೆಲಸ. ಒಂದು ಕಾಯಿ ಎತ್ತಬೇಕು, ಒರೆಸಬೇಕು, ಅದೇ ಮನೆಯಲ್ಲಿ ಇಡಬೇಕು. ಕಾಯಿಗಳ ಹೆಸರು ಬಿಟ್ಟರೆ ಆಟ ನನಗೆ ಬಾರದು.

ಅದು ಆಂಟಿಯ ಸೋದರಮಾವ ಎಡ್ವಿನ್‌ನ ಕೊನೆಯ ಆಟ. ಎರಡು ಮಹಾಯುದ್ಧಗಳ ನಡುವಿನ ಕಾಲ. ಇಂಗ್ಲೆಂಡಿನ ಸಣ್ಣ ಊರಲ್ಲಿ ಗುಮಾಸ್ತ, ಶನಿವಾರ ಸಂಜೆ ಕ್ಲಬ್ಬಿನಲ್ಲಿ ಚದುರಂಗ. ಒಂದು ಟ್ರೋಫಿಯನ್ನೂ ಗೆಲ್ಲಲಿಲ್ಲ. ಗೋಡೆಯ ಫೋಟೊದಲ್ಲಿ ಎಡಗೈಯಲ್ಲಿ ಕಾಯಿ ಹಿಡಿದು ನಾಚುತ್ತಿದ್ದ. ನಮ್ಮ ಕಾನ್ವೆಂಟಿನಲ್ಲಾಗಿದ್ದರೆ ಆ ಕೈಗೆ ಸ್ಕೇಲಿನ ಏಟು ಬೀಳುತ್ತಿತ್ತು. ನಮಗೆ ಎಲ್ಲಕ್ಕೂ ಬಲಗೈಯೇ.

ಆಟ ಒಂದು ಸಂಜೆಗೆ ಮುಗಿಯದಿದ್ದರೆ, ಆಡಬೇಕಾದವನು ಮುಂದಿನ ನಡೆಯನ್ನು ಬರೆದು ಲಕೋಟೆಗೆ ಹಾಕಿ ಅಂಟಿಸುತ್ತಾನಂತೆ. ಮುಂದಿನ ವಾರ ಎದುರಾಳಿ ಬಂದು ಕೂತ ಮೇಲೆಯೇ ಅದನ್ನು ಒಡೆಯುವುದು. ಎಡ್ವಿನ್ ಬರೆದಿಟ್ಟು ಮನೆಗೆ ಹೋದ. ಆ ವಾರದಲ್ಲೇ ಕ್ಷಯ ಅವನನ್ನು ಒಯ್ದಿತು. ಇಪ್ಪತ್ತೆಂಟು ವಯಸ್ಸು. ಎದುರಾಳಿ ಆಮೇಲೆ ಒಂದು ಕಾಗದ ಬರೆದ: ಸೋಲದೆ ಉಳಿಯಲು ಎಡ್ವಿನ್‌ಗೆ ಒಂದೇ ನಡೆಯಿತ್ತು, ಅದು ಇಂಥದ್ದು, ಅವನಿಗೆ ಅದು ಹೊಳೆದಿತ್ತೇ? ಹೊಳೆದಿರದಿದ್ದರೆ ಎಂಬ ಭಯಕ್ಕೆ, ಕ್ಲಬ್ಬಿನವರು ತಂದುಕೊಟ್ಟ ಲಕೋಟೆಯನ್ನು ಮನೆಯವರು ಯಾರೂ ಒಡೆಯಲಿಲ್ಲ. ಮಣೆಯ ಜೊತೆ ಅದೂ ಇಲ್ಲಿಗೆ ಬಂತು.

ಆಂಟಿಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದ ಕಣ್ಣಿಗೆ ಮರುದಿನ ಆಪರೇಷನ್. ಡಾಕ್ಟರು ಭರವಸೆ ಕೊಟ್ಟಿರಲಿಲ್ಲ.

"ಐದು ಗಂಟೆಗೆ ಬಾ ಡಾರ್ಲಿಂಗ್, ಎದುರಿಗೆ ಕೂತ್ಕೋ," ಎಂದರು. "ಅಂಕಲ್ ಬರ್ದಿದ್ದು ನಾನೇ ಓದ್ಬೇಕು. ನಾಳೆ ಬೇರೆಯವ್ರು ಓದಿ ಹೇಳೋದು ನಂಗ್ಬೇಡ."

"ನಂಗೆ ಆಟಾನೇ ಬರಲ್ಲ ಆಂಟಿ."

"ಗೊತ್ತಮ್ಮಾ. ಅದಕ್ಕೇ ನಿನ್ನ ಕರೆಯೋದು, ಸೋತ್ರೂ ಅಳಲ್ಲ."

ಸಂಜೆ ಕೂತೆ. ಆಂಟಿ ಲಕೋಟೆ ಒಡೆದು ಭೂತಗನ್ನಡಿ ತೆಗೆದುಕೊಂಡರು. ಚೀಟಿಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು: ಮೂರನೇ ಸಾಲಿನ ಬಿಳಿ ಕುದುರೆ ಹಿಂದಕ್ಕೆ, ಬಲಮೂಲೆಯ ಆನೆಯ ಪಕ್ಕಕ್ಕೆ, ಆಟದ ಶುರುವಿನಲ್ಲಿ ನಿಂತಿದ್ದ ಮನೆಗೇ.

"ಅದೇ! ಕಾಗದದಲ್ಲಿರೋದು ಅದೇ!" ಆಂಟಿ ಚಿಕ್ಕ ಹುಡುಗಿಯ ಹಾಗೆ ಕೂಗಿದರು. "ಅವನಿಗೆ ಕಂಡಿತ್ತು! ಎತ್ತಿಡು ಡಾರ್ಲಿಂಗ್, ಅವನ ಕುದುರೆ ಎತ್ತಿಡು."

ಕೈ ಚಾಚಿದೆ. ಮೂರನೇ ಸಾಲಿನಲ್ಲಿ ಕುದುರೆ ನಿಂತಿದ್ದ ದುಂಡು ಗುರುತು ಮಾತ್ರ ಇತ್ತು. ಕುದುರೆ ಆಗಲೇ ಆನೆಯ ಪಕ್ಕದಲ್ಲಿತ್ತು.

ಮಣೆಯವರೆಗೆ ಆಂಟಿಯ ನೋಟ ಹೋಗುತ್ತಿರಲಿಲ್ಲ. ನಾನು ಅದನ್ನೇ ಎತ್ತಿ ಅಲ್ಲೇ ಟಕ್ಕೆಂದು ಇಟ್ಟೆ. ಸದ್ದು ಕೇಳಿ ಅವರು ಕಣ್ಣೊರೆಸಿಕೊಂಡರು.

ಬೆಳಿಗ್ಗೆ ಒರೆಸುವಾಗ ನಾನೇ ಮನೆ ತಪ್ಪಿಸಿಟ್ಟೆನೇ? ಎಷ್ಟು ಯೋಚಿಸಿದರೂ ಆ ಕುದುರೆಯನ್ನು ಒರೆಸಿದ ನೆನಪೇ ಬರುವುದಿಲ್ಲ. ತಪ್ಪಿ ಇಟ್ಟಿದ್ದರೂ ಅಷ್ಟೊಂದು ಮನೆಗಳಲ್ಲಿ ಅದೇ ಯಾಕೆ? ಆಂಟಿ ತಮ್ಮ ಕಣ್ಣಿನಿಂದ ಕೊನೆಯದಾಗಿ ಓದಿದ್ದು ಆ ಒಂದು ಸಾಲು. ಮರುದಿನ ಆಸ್ಪತ್ರೆಗೆ ನಗುತ್ತಲೇ ಹೋದರು. ಆ ಹೊತ್ತಿನಲ್ಲಿ ಎದುರಿನ ಕುರ್ಚಿ ನನ್ನದಾಗಿತ್ತಲ್ಲ, ಅದಕ್ಕೆ ಇವತ್ತಿಗೂ ದೇವರಿಗೆ ಕೈಮುಗಿಯುತ್ತೇನೆ.

ಇದನ್ನು ನಾನು ಆಂಟಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಲಕೋಟೆ ಒಡೆದ ಆ ಸಂಜೆಯೇ, ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಮುನಿರತ್ನಮ್ಮ ಕರಿಬೇವು ಕೊಡಲು ವರಾಂಡಕ್ಕೆ ಬಂದರು. ಹೊರಡುತ್ತಾ ಮಣೆಯ ಕಡೆ ಕಣ್ಣು ಹಾಯಿಸಿ ಅಂದರು:

"ಒತ್ತಾರೆ ಗೇಟ್ ತಾವಿಂದ ನೋಡ್ದೆ ಕಣಮ್ಮಾ, ನೀನು ಎಡಗೈನಾಗೆ ಆ ಕುದ್ರೆ ಎತ್ತಿಡ್ತಾ ಇದ್ದೆ. ಇಷ್ಟ್ ವರ್ಸ ಆಯ್ತು, ನೀನು ಎಡಚಿ ಅಂತ ನಂಗೆ ಗೊತ್ತೇ ಇರ್ನಿಲ್ಲ ನೋಡು."