ಕಾಯುವ ನೆಲ

ಹದಿನಾರು ಎಂಬ ಊರಿನ ಮಾದು ಕಾಲಿನಲ್ಲಿ ನಡೆದದ್ದಕ್ಕಿಂತ ಮಂಡಿಯಲ್ಲಿ ತೆವಳಿದ್ದೇ ಹೆಚ್ಚು. ಹದಿನಾಲ್ಕನೇ ವಯಸ್ಸಿಗೆ ರೆಡ್ ಆಕ್ಸೈಡ್ ನೆಲಕ್ಕೆ ಪಾಲಿಶ್ ತಿಕ್ಕಲು ಕೂತವನು ಮೊಸಾಯಿಕ್ ನೋಡಿದ, ಗ್ರಾನೈಟ್ ನೋಡಿದ, ಈಗ ಟೈಲ್ಸ್‌ಗೆ ಬಂದು ನಿಂತಿದ್ದಾನೆ. ನಿಂತಿದ್ದಾನೆ ಅನ್ನುವುದು ಮಾತಿಗೆ. ನಿಲ್ಲಬೇಕಾದರೆ ಈಗ ಗೋಡೆ ಹಿಡಿಯಬೇಕು. ನಂಜನಗೂಡಿನ ಅರ್ಧ ಊರು ಅವನು ಹಾಕಿದ ನೆಲದ ಮೇಲೆ ಓಡಾಡುತ್ತದೆ. ಆ ಒದ್ದೆ ಸಿಮೆಂಟಿನ ಥಂಡಿಯೆಲ್ಲ ಮೂವತ್ತೆಂಟು ವರ್ಷದಿಂದ ಅವನ ಮಂಡಿಯೊಳಗೆ ಇಳಿದು ಮನೆ ಮಾಡಿಕೊಂಡಿದೆ. ಚಳಿಗಾಲದಲ್ಲಿ ಹೆಂಡತಿ ಮುತ್ತಮ್ಮ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟರೇನೇ ಬೆಳಿಗ್ಗೆ ಏಳುವುದು.

ಅಂಥವನಿಗೆ ನೆಲವೇ ಕಾಯುವ ಮನೆಯೊಂದರ ಕೆಲಸ ಸಿಕ್ಕಿತು. ಅಕ್ಕಿ ಗಿರಣಿಯ ಮದನ್ ತಾಂಡವಪುರದ ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದ. ಅವನ ತಾಯಿ ಚನ್ನಬಸಮ್ಮನಿಗೂ ಮಂಡಿನೋವು, ತಣ್ಣನೆಯ ಟೈಲ್ಸ್ ಆಗುವುದಿಲ್ಲ. ಮಗ ಬೆಂಗಳೂರಿನಿಂದ ವೈರು ಹೆಣೆದ ಚಾಪೆಗಳನ್ನು ತರಿಸಿದ. ಅವನ್ನು ಹಾಸಿ, ಮೇಲೆ ಅಂಟು ಬಳಿದು, ಟೈಲ್ಸ್ ಕೂರಿಸಬೇಕು. ಸ್ವಿಚ್ ಹಾಕಿದರೆ ನೆಲ ಬೆಚ್ಚಗಾಗುತ್ತದೆ. ಒಂದು ವೈರಿಗೆ ಕರಣೆ ತಗುಲಿದರೂ ಇಡೀ ಕೋಣೆ ಕೆಟ್ಟಂತೆ. ಮಾದು ಹನ್ನೊಂದು ದಿನ ಹಸುಗೂಸು ಮಲಗಿಸುವವನ ಹಾಗೆ ಒಂದೊಂದನ್ನೇ ಕೂರಿಸಿದ.

"ಒಂದ್ಸಲ ಸ್ವಿಚ್ ಆಕಿ ನೋಡಣ್ವಾ ಸಾ?" ಎಂದು ಕೊನೆಯ ದಿನ ಕೇಳಿದ.

"ಅಂಟು ಒಣಗೋಗಂಟ ಮುಟ್ಟಂಗಿಲ್ಲ ಕಣೋ. ಒಂದು ತಿಂಗ್ಳು" ಎಂದ ಮದನ್. ಮಾದು ಕೆಲಸ ಕಲಿತು ವರುಷಗಳಾದ ಮೇಲೆ ಹುಟ್ಟಿದ ಮಗು ಅದು, ಆದರೂ ಬಾಯಲ್ಲಿ ಬರುವುದು 'ಕಣೋ'.

ಗೋಡೆ ಹಿಡಿದು ಏಳುತ್ತಿದ್ದವನನ್ನು ಚನ್ನಬಸಮ್ಮ ನೋಡಿದರು. "ನಿಂಗೂ ಮಂಡಿನಾ ಮಾದು? ಅಯ್ಯೋ ಪಾಪ. ಮನೆ ಒಕ್ಕಲ ದಿನ ಬಾ. ನೀನ್ ಹಾಕಿದ್ ನೆಲ, ಮೊದ್ಲು ನೀನೇ ಮಂಡಿ ಇಟ್ಟು ನೋಡೀವಂತೆ. ನಾನೇ ಕರ್ಕೊಂಡೋಗಿ ಕೂರುಸ್ತೀನಿ."

ಇದನ್ನು ಕೇಳಿ ಮುತ್ತಮ್ಮ ನಕ್ಕಳು. "ಮಾತ್ಗೇನ್ ಕಾಸಾ ಕೊಡ್ಬೇಕು? ಉಪ್ಪಿನ್ ಗಂಟ್ ಬಿಸಾಕ್ಬುಟ್ಟಿಯ, ಜ್ವಾಕೆ."

ಆದರೂ ಆ ತಿಂಗಳೆಲ್ಲ ಮಾದುವಿಗೆ ಅದೇ ಧ್ಯಾನ. ಉಡುಗೊರೆಯ ಪಂಚೆ ಬೇಡ, ಊಟ ಬೇಡ, ಒಂದು ಗಳಿಗೆ ಆ ನೆಲಕ್ಕೆ ಮಂಡಿ ಊರಬೇಕು. ಜೀವಮಾನವೆಲ್ಲ ಕಿತ್ತುಕೊಂಡ ನೆಲ ಒಂದು ಸಲವಾದರೂ ಏನಾದರೂ ಕೊಡಲಿ ಅನ್ನುವ ಹಠ.

ಮಾಘದ ಚಳಿಯಲ್ಲಿ, ಒಗೆದ ಅಂಗಿ ತೊಟ್ಟು, ಕಾಲನ್ನು ಎರಡೆರಡು ಸಲ ತೊಳೆದು ಹೋದ. ಗೇಟಿನಲ್ಲೇ ಮದನ್ ಸಿಕ್ಕಿದ.

"ಬಾರೋ ಮಾದು. ನೆಲ ಚೆನ್ನಾಗಿ ಕಾದದೆ. ನೀನೂ ಒಸಿ ಕಾಯಿ" ಎಂದು ತನ್ನ ಮಾತಿಗೆ ತಾನೇ ನಕ್ಕು, ಶಾಮಿಯಾನದ ಕೊನೆಯ ಕುರ್ಚಿ ತೋರಿಸಿದ. ಮಾದುವೂ ನಕ್ಕ. ನಗದೆ ಏನು ಮಾಡುತ್ತಾನೆ?

ಮೊದಲು ಹಸು ಕರು ಒಳಗೆ ಹೋದವು. ಆಮೇಲೆ ಅಯ್ಯನವರು, ನೆಂಟರು, ಗಿರಣಿಯ ಗಿರಾಕಿಗಳು. ಹೊಸಿಲು ದಾಟಿದವರೆಲ್ಲ "ಅಬ್ಬಾ, ಎಷ್ಟ್ ಬೆಚ್ಚಗದೆ!" ಅನ್ನುವುದು ಹೊರಗೆ ಕೇಳುತ್ತಿತ್ತು. ಚನ್ನಬಸಮ್ಮ ಬಾಗಿಲಿಗೆ ಬಂದಾಗ ಮಾದು ಎದ್ದು ನಿಂತ. ಅವರ ಕಣ್ಣು ಅವನ ಮೇಲೆ ಬಿತ್ತು, ಪಕ್ಕದ ವಾರಗಿತ್ತಿಯ ಮೇಲೆ ಹೋಯಿತು, ಹಾಗೇ ಒಳಕ್ಕೆ ತಿರುಗಿತು. ಅವನು ಯಾವ ಕೇರಿಯವನೆಂದು ತಿಂಗಳ ಹಿಂದೆಯೂ ಅವರಿಗೆ ಗೊತ್ತಿತ್ತು. ಆಗ ನೋಡುವವರು ಇರಲಿಲ್ಲ, ಅಷ್ಟೆ. ದೇವರಮನೆಯ ಮೂಲೆಮೂಲೆಗೂ ತೆವಳಿ ಟೈಲ್ಸ್ ಕೂರಿಸಿದವನಿಗೆ ಇವತ್ತು ನಡುಮನೆಯೂ ಇಲ್ಲ. ಇಂಥ ಮಡಿಗೆ ಬೆಂಕಿ ಬೀಳ.

ಹತ್ತು ಗಂಟೆಗೆ ಮದನ್ ತಾನೇ ಓಡಿ ಬಂದ. ಹಸು ನಡುಮನೆಯಲ್ಲಿ ಸಗಣಿ ಹಾಕಿತ್ತು. ಶುಭ, ಶುಭ ಎಂದು ಎಲ್ಲರೂ ಕೈಮುಗಿದು, ಮೇಲೊಂದು ಹೂವಿಟ್ಟು, ಬಿಟ್ಟುಬಿಟ್ಟಿದ್ದರು. ಕೆಳಗೆ ನೆಲ ಕಾಯುತ್ತಿರುವುದು ಯಾರಿಗೂ ನೆನಪಿರಲಿಲ್ಲ. ಶುಭವೆಲ್ಲ ಒಣಗಿ ಸಂದಿಗಳಿಗೆ ಹತ್ತಿಕೊಂಡು, ನಾತಕ್ಕೆ ಅಯ್ಯನವರೇ ಶಲ್ಯದಲ್ಲಿ ಮೂಗು ಮುಚ್ಚಿಕೊಂಡಿದ್ದರು.

"ಬಾ ಬಾ ಮಾದು. ಸಂದಿ ಕೆರೆಯೋದು ನಿಂಗೇ ಗೊತ್ತು. ಹಿತ್ಲ ಬಾಗ್ಲಲ್ಲಿ ಬಂದ್ಬುಡು."

ಎದ್ದು ಮನೆಗೆ ಹೋಗಿಬಿಡಲೇ ಅನ್ನಿಸಿತು. ಗಿರಣಿಯ ಗೋಡೌನಿನ ನೆಲದ ಕೆಲಸವನ್ನೂ ಇವರೇ ಕೊಡಬೇಕು. ಹಿತ್ತಲ ಬಾಗಿಲಿಗೆ ಹೋದ. ಬಕೆಟ್ಟು, ಬಟ್ಟೆ, ತಗಡಿನ ಚೂರು ಕೈಗೆ ಬಂದವು. ಜನ ಸರಿದು ಜಾಗ ಬಿಟ್ಟರು. ಮಾದು ಮಂಡಿ ಊರಿದ.

ಶಾಖ ಬಟ್ಟೆ ದಾಟಿತು, ದಡ್ಡುಗಟ್ಟಿದ ಚರ್ಮ ದಾಟಿತು, ಮೂಳೆಗೆ ಮುಟ್ಟಿತು. ಅವನಿಗರಿಯದೆ ಉಸಿರು ಹೊರಬಿತ್ತು.

"ಹೆಂಗದೆ ಮಾದು?" ಸೋಫಾದಿಂದ ಚನ್ನಬಸಮ್ಮ ಹತ್ತು ಜನಕ್ಕೆ ಕೇಳುವಂತೆ ಅಂದರು. "ಹೇಳಿರ್ನಿಲ್ವಾ ನಾನು, ನಿನ್ ಕೈಲಿ ಮಂಡಿ ಇಡುಸ್ತೀನಿ ಅಂತ?" ಮಾತು ಉಳಿಸಿಕೊಂಡ ಸಮಾಧಾನ ಆ ಮುಖದಲ್ಲಿ ನಿಜವಾಗಿಯೂ ಇತ್ತು.

"ಬೆಚ್ಗದೆ ಕಣವ್ವಾ" ಎಂದ ಮಾದು, ತಲೆ ಎತ್ತದೆ.

ಸಗಣಿ ಹೋಗಿತ್ತು. ಸಂದಿಯೂ ಚೊಕ್ಕಟವಾಗಿತ್ತು. ಇನ್ನು ಏಳಬೇಕು. ಮಾನಗೆಟ್ಟ ಮಂಡಿಗಳು ಏಳಲೊಲ್ಲವು. ಯಾರೂ ಎಬ್ಬಿಸದಿರಲಿ ಎಂದು ಅದೇ ಟೈಲ್ಸನ್ನು ಮತ್ತೊಂದು ಸಲ ಒರೆಸಿದ, ಇನ್ನೂ ಒಂದು ಸಲ ಒರೆಸಿದ. ತನ್ನ ಮೇಲೆ ತನಗೆ ಅಷ್ಟು ಹೇಸಿಗೆ ಅವನಿಗೆ ಎಂದೂ ಆಗಿರಲಿಲ್ಲ.