ಕಮಲಾಬಾಯಿಯ ಗುಡಿಸದ ಹೊಸ್ತಿಲು

ನನ್ನ ಮೊಮ್ಮಗಳ ಸಿನಿಮಾಕ್ಕೆ ಕಲ್ಲು ಹಾಕಿದ್ದು ಯಾವ ಮಾಲೀಕನೂ ಅಲ್ಲ, ಪೊಲೀಸರೂ ಅಲ್ಲ. ಒಂದು ದಿನ ಕಸ ಗುಡಿಸದೆ ಬಿಟ್ಟ ಹೊಸ್ತಿಲು. ಗುಡಿಸಬೇಡ ಅಂದವಳು ಮೊಮ್ಮಗಳೇ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಅಳು.

ಈ ಮೊಮ್ಮಗಳು ಅಶ್ವಿನಿ ನಿಮಗೆ ಗೊತ್ತಿದ್ದವಳೇ. (ಬೇಸಿಗೆಯಲ್ಲಿ ನನ್ನ ಹಪ್ಪಳದ ನಡುವೆ ಕ್ಯಾಮೆರಾ ಸ್ಟ್ಯಾಂಡ್ ನಿಲ್ಲಿಸಿ ಬೈಸಿಕೊಂಡಿದ್ದಳಲ್ಲ, ಅವಳು.) ಡಾಕ್ಯುಮೆಂಟರಿ ತೆಗೆಯುತ್ತಾಳೆ. ಇಂಡಿಪೆಂಡೆಂಟ್ ಅಂತೆ. ಅಂದರೆ ತಲೆ ಮೇಲೆ ಸಾಹೇಬನಿಲ್ಲ, ತಿಂಗಳಿಗೆ ಪಗಾರವೂ ಇಲ್ಲ. ಸೇಡಂ, ಚಿಂಚೋಳಿ ಕಡೆ ಮದುವೆ ವಿಡಿಯೋ ತೆಗೆದು ಹೊಟ್ಟೆ ಹೊರೆಯುತ್ತಾಳೆ. ಉಳಿದ ದಿನ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಶೆಡ್ಡುಗಳ ಸುತ್ತ ತಿರುಗುತ್ತಾಳೆ. ಕಲ್ಲಿನ ಧೂಳು ಮನುಷ್ಯನ ಎದೆಯೊಳಗೆ ಹೇಗೆ ಇಳಿಯುತ್ತದೆ ಅಂತ ಅವಳ ಸಿನಿಮಾ.

ವರ್ಷಗಟ್ಟಲೆ ಇದೇ ಆಯಿತು. ಈ ಸಲ ದೂರದ ಯಾವುದೋ ಫೆಸ್ಟಿವಲ್‌ನವರು ಆರಿಸಿದ್ದಾರೆ. ಅಲ್ಲಿ ತೋರಿಸಿದರೆ ಮುಂದಿನ ಸಿನಿಮಾಕ್ಕೆ ಯಾರಾದರೂ ಕೈ ಹಿಡಿದಾರು. ಇಲ್ಲದಿದ್ದರೆ? ಆ ಪ್ರಶ್ನೆ ನಾನು ಕೇಳುವುದಿಲ್ಲ. ಹುಡುಗಿಯ ಉಗುರು ನೋಡಿದರೆ ಸಾಕು, ಕಚ್ಚಲು ಏನೂ ಉಳಿದಿಲ್ಲ.

ಕಳಿಸುವ ಮುಂಚೆ ಸಿನಿಮಾದಲ್ಲಿ ಇದ್ದವರಿಗೆ ತೋರಿಸುತ್ತೇನೆ ಅಂದಳು. ಒಳ್ಳೆಯ ಬುದ್ಧಿಯೇ. ಭಾನುವಾರ ಚಿತ್ತಾಪುರದಿಂದ ಇಬ್ಬರೂ ಶಹಾಬಾದಿಗೆ ಹೋದೆವು. ಹೊತ್ತು ಮುಳುಗುತ್ತಲೇ, ಸಿನಿಮಾದಲ್ಲಿರುವ ಕಮಲಾಬಾಯಿಯ ಮನೆಗೋಡೆಗೆ ಬಿಳಿ ಚಾದರ ಕಟ್ಟಿದೆವು. ಆಕೆಯ ಗಂಡ ಹಣಮಂತ ಕಲ್ಲು ಕೊಯ್ದು ಕೊಯ್ದು ಈಗ ಹೊರಸು ಹಿಡಿದಿದ್ದಾನೆ. ಅವನ ಹೊರಸನ್ನೂ ಅಂಗಳಕ್ಕೆ ತಂದರು. ಓಣಿಯ ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕುಳಿತರು.

ಚಾದರದ ಮೇಲೆ ಮೊದಲು ಬಂದದ್ದೇ ಕಮಲಾಬಾಯಿಯ ಹೊಸ್ತಿಲು. ಬಿಸಿಲು ಏರಿದೆ. ಕಸ ಹೊಡೆದಿಲ್ಲ, ನೀರು ಹಾಕಿಲ್ಲ, ರಂಗೋಲಿ ಇಲ್ಲ. ಬೂದಿ ಚೆಲ್ಲಿದಂತೆ ಧೂಳು.

ನಮ್ಮ ಕಡೆ ಹೊತ್ತೇರಿದರೂ ಹೊಸ್ತಿಲು ಹಾಗೆ ಇರುವುದು ಯಾವಾಗ? ಮನೆಯೊಳಗೆ ಹೆಣ ಇದ್ದಾಗ.

ಹೆಂಗಸರ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು: “ಯಾರ ಮನಿ ಇದು? ಯಾರ್ ಹೋದ್ರವ್ವಾ?”

ಕಮಲಾಬಾಯಿ ಎದ್ದು ಚಾದರಕ್ಕೆ ಅಡ್ಡ ನಿಂತಳು. ಅವಳ ಸೀರೆಯ ಮೇಲೆ ಅವಳದೇ ಹೊಸ್ತಿಲು ಬಿದ್ದಿತ್ತು.

“ನನ್ನ ಗಂಡ ಇಲ್ಲೇ ಕುಂತಾನ. ಜೀವಂತ ಮನಷ್ಯಾನ ಮನೀನ ಸತ್ತವರ ಮನಿ ಮಾಡೀದೇನ್ ತಂಗೀ?”

“ಧೂಳ ಕಾಣ್ಲಿ ಅಂತ ಅಕ್ಕಾ. ನೀವೇ ಹೂಂ ಅಂದಿದ್ರಿ.”

“ಒಂದಿನ ಕಸಾ ಹೊಡಿಬ್ಯಾಡ್ರಿ ಅಂದಿ. ಮನಿಗಿ ಬಂದ ಹುಡುಗಿ ಕೇಳ್ತದ ಅಂತ ಹೂಂ ಅಂದೆ. ಇದನ್ನೇ ಮೊದಲ ಇಟ್ಟ ಊರ ಮುಂದ ತೋರಸ್ತೀನಿ ಅಂದಿದ್ದೇನು?”

“ಬಿಡ ಮಾರಾಯ್ತಿ,” ಹೊರಸಿನ ಮೇಲಿಂದ ಹಣಮಂತ ನಕ್ಕ. “ಇನ್ನಾ ಹೋಗಿಲ್ಲ ನಾ. ಚಹಾ ಕುಡದೇ ಹೋಗ್ತೀನಿ.” ಆಮೇಲೆ ಕೆಮ್ಮು ಹತ್ತಿತು. ಆಗಲೇ ಸಿನಿಮಾದೊಳಗೂ ಅವನು ಕೆಮ್ಮತೊಡಗಿದ. ಯಾವ ಕೆಮ್ಮು ಯಾವುದು ಅಂತ ತಿಳಿಯಲಿಲ್ಲ. ಅಶ್ವಿನಿ ಪ್ರೊಜೆಕ್ಟರ್ ಬಂದ್ ಮಾಡಿದಳು.

ವಾಪಸು ಬಸ್ಸು ವಾಡಿ ದಾಟಿತು. ಆಗ ಅಶ್ವಿನಿ ಅಂದಳು: “ಅದೇ ಶಾಟ್ ಫೆಸ್ಟಿವಲ್‌ನವ್ರ ಮನಸ್ಸಿಗಿ ಹಿಡಿಸೇದ ಆಯಿ. ಪೋಸ್ಟರಿಗಿ ಅದನ್ನೇ ಹಾಕ್ಯಾರ. ನಾಳಿ ಸಂಜಿ ಒಳಗ ಫೈನಲ್ ಕಾಪಿ ಕಳಸಬೇಕು. ತಗದ್ರ ಸಿನಿಮಾನೇ ಬ್ಯಾಡ ಅಂದ್ರ?”

“ಇದ್ದದ್ದು ಇದ್ದಂಗ ತೋರಸ್ತೀನಿ ಅಂತಿದ್ದೆಲ್ಲಾ?”

“ಧೂಳ ಸುಳ್ಳೇನು?”

“ಧೂಳ ಖರೇ. ಕಸಾ ಹೊಡಿಲಾರದ್ದು ಸುಳ್ಳ. ಆಕಿ ಹೊಡಿತಾಳ, ಅದು ಬೀಳ್ತದ, ಮತ್ತ ಹೊಡಿತಾಳ. ಅದನ್ಯಾಕ ತಗೀಲಿಲ್ಲ?”

“ಅದು ದಿನಾ ಇರೂದು ಆಯಿ. ಅದರಾಗ ಏನದ?”

ಕೇಳಿದಿರಾ? ವರ್ಷಗಟ್ಟಲೆ ಆ ಅಂಗಳದಲ್ಲಿ ಕುಳಿತವಳ ಮಾತು ಇದು! ಇವಳೊಬ್ಬಳನ್ನೇ ಯಾಕೆ ಅನ್ನಲಿ? ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ. ದವಾಖಾನೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದವನನ್ನೂ ಫೋಟೋ ಹೊಡೆದು ಸ್ಟೇಟಸ್‌ಗೆ ಹಾಕುತ್ತಾರೆ. ನೋಡಿದವರೆಲ್ಲ ಕೈಮುಗಿಯುವ ಗುರುತು ಒತ್ತುತ್ತಾರೆ. ಮಲಗಿದವನನ್ನು ಯಾರು ಕೇಳಿದರು? ಕೇಳಿದ್ದರೆ ಅವನು ತಲೆಯಾದರೂ ಬಾಚಿಕೊಳ್ಳುತ್ತಿದ್ದನಲ್ಲ!

(ಇಷ್ಟೆಲ್ಲ ಹೇಳುವ ನನಗೆ ಧೈರ್ಯ ಇತ್ತು ಅಂದುಕೊಳ್ಳಬೇಡಿ. ಈ ಸಿನಿಮಾ ಹೋದರೆ ಹುಡುಗಿ ಮತ್ತೆ ಕ್ಯಾಮೆರಾ ಮುಟ್ಟುತ್ತಾಳೋ ಇಲ್ಲವೋ ಅಂತ ನಾನೂ ಹೆದರಿದ್ದೆ.)

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಆ ಹೊಸ್ತಿಲನ್ನು ತೆಗೆದುಹಾಕಿದಳು. ಅದರ ಜಾಗಕ್ಕೆ ಇಡಲು ಏನೂ ಇರಲಿಲ್ಲ. ಊಟ ಬೇಡ ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಮೊದಲ ಬಸ್ಸು ಹಿಡಿದೆ. ಚೀಲದ ಹಿಂದೆ ಅವಳೂ ಬಂದಳು, ಬಾರದೆ ಎಲ್ಲಿ ಹೋಗುತ್ತಾಳೆ?

ಕಮಲಾಬಾಯಿಯ ರಂಗೋಲಿ ಆಗಲೇ ಬಿದ್ದಿತ್ತು. ನಮ್ಮನ್ನು ನೋಡಿದಳು. ಅಶ್ವಿನಿ ಅಂಗಳದಲ್ಲೇ ನಿಂತು ಹೇಳಿದಳು: “ಅದನ್ನ ತಗದು ಹಾಕೀನ್ರಿ ಅಕ್ಕಾ.”

“ಛಲೋ ಆಯ್ತು.”

ಪಕ್ಕದ ಶೆಡ್ಡಿನಲ್ಲಿ ಕಲ್ಲು ಕೊಯ್ಯುವ ಮಶಿನ್ ಶುರುವಾಯಿತು. ನಾವು ನೋಡುತ್ತಿದ್ದಂತೆ ರಂಗೋಲಿಯ ಬಿಳಿ ಗೆರೆ ಬೂದು ಬಣ್ಣಕ್ಕೆ ತಿರುಗಿತು. ಕಮಲಾಬಾಯಿ ಒಳಗಿಂದ ಕಸಬರಿಗೆ ತಂದು ಮತ್ತೆ ಗುಡಿಸತೊಡಗಿದಳು. ಅಶ್ವಿನಿಯ ಕೈ ತಾನಾಗಿ ಚೀಲಕ್ಕೆ ಬಂತು. ನಾನು ಕೈ ಮೇಲೆ ಒಂದು ಹೊಡೆದೆ.

“ಅಕ್ಕಾ,” ಅಂದಳು ಅಶ್ವಿನಿ, “ನೀವು ಕಸಾ ಹೊಡಿಯೂದು ತಗೀಲೇನ್ರಿ? ಇದನ್ನೇ ಮೊದಲ ಇಡ್ತೀನಿ. ಎಲ್ಲಾ ಊರಾಗ ತೋರಸ್ತೀನಿ.”

ಕಮಲಾಬಾಯಿ ತಲೆ ಎತ್ತಲಿಲ್ಲ. ಗುಡಿಸುತ್ತಲೇ ಇದ್ದಳು. ಒಳಗೆ ಹಣಮಂತ ಕೆಮ್ಮಿದ. ಅವಳು ಹೂಂ ಅನ್ನಲಿ, ಉಹೂಂ ಅನ್ನಲಿ, ಅಲ್ಲಿಯ ತನಕ ಕ್ಯಾಮೆರಾ ಹೊರಗೆ ಬರಬಾರದು ಅಂತ ನಾನು ಆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಜಿಪ್ಪಿನ ಮೇಲೆ ಎರಡೂ ಕೈ ಊರಿ ಅಂಗಳದಲ್ಲೇ ಕುಳಿತೆ.