ಗಂಗತ್ತೆ ಕೇಳಿದ ಬ್ಲೂಸ್

"ನೀವು ಕರೆ ಮಾಡುತ್ತಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂದು ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು ಹೇಳುತ್ತಾಳಲ್ಲ, ಇತ್ತೀಚೆಗೆ ಆಕೆಯ ಮೇಲೆ ನನಗೆ ವಿಪರೀತ ಸಿಟ್ಟು. ಇವತ್ತು ಸಂಜೆಯೂ ಮತ್ತೆ ಮತ್ತೆ ಅದನ್ನೇ ಹೇಳಿದಳು, ಒಮ್ಮೆಯೂ ದನಿ ನಡುಗಲಿಲ್ಲ. ನಡುಕವೆಲ್ಲ ನನ್ನ ಪಾಲಿಗೆ. ನಮ್ಮ ಮನೆಯವರು ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಯಂತ್ರ ರಿಪೇರಿ ಮಾಡುತ್ತಾರೆ. ಬಳ್ಳಾರಿಯಿಂದ ದಿನಾ ಬೈಕಿನಲ್ಲಿ ಹೋಗಿ ಬರುತ್ತಾರೆ. ಆ ರಸ್ತೆಯಲ್ಲಿ ಭತ್ತ ಹೇರಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಓಡಾಡುತ್ತವೆ. ಇದು ಮೊದಲೂ ಗೊತ್ತಿತ್ತು, ಆದರೆ ಹೆದರುತ್ತಿರಲಿಲ್ಲ. ಈಗ ಹೆದರುತ್ತೇನೆ. ಯಾಕೆಂದರೆ ನಾನೊಂದು ಹಾಡು ಹಾಡಿದ್ದೇನೆ.

ನಗಬೇಡಿ, ಹೇಳುತ್ತೇನೆ ಕೇಳಿ. ನಮ್ಮ ಕಂಟೋನ್ಮೆಂಟಿನಲ್ಲಿ ಡೇವಿಡ್ಡಣ್ಣ ಎಂಬ ಗಿಟಾರ್ ಮೇಷ್ಟ್ರಿದ್ದಾರೆ. ಅವರ ಮನೆಯ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರುವ ನಾವು ನಾಲ್ವರು ಒಂದು ಬ್ಲೂಸ್ ಬ್ಯಾಂಡು. ಬ್ಲೂಸ್ ಎಂದರೆ ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನ ಸಂಕಟ ತಾಳಲಾರದೆ ಕಟ್ಟಿಕೊಂಡ ಹಾಡು. ಬಳ್ಳಾರಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಡೇವಿಡ್ಡಣ್ಣ, "ಹತ್ತಿ ಇಲ್ಲೂ ಬೆಳೀತೈತಲ್ರಿ" ಎಂದು ಬಾಯಿ ಮುಚ್ಚಿಸುತ್ತಾರೆ. ಆದರೂ ಮದುವೆಗಾಗಲಿ ಗಣೇಶನ ಪೆಂಡಾಲಿಗಾಗಲಿ ನಮ್ಮನ್ನು ಕರೆಯುವವರು ಯಾರೂ ಇರಲಿಲ್ಲ. ಕೊನೆಗೆ ನಾವೇ ನಮಗೆ ಇಷ್ಟವಾದ ಹಳೆಯ ಬ್ಲೂಸ್ ಹಾಡುಗಳನ್ನು ಆರಿಸಿಕೊಂಡು, ಗೋಡೆಗೆ ಹಾಸಿಗೆಗಳನ್ನು ಒರಗಿಸಿ, ಸದ್ದಾಗದಿರಲೆಂದು ಫ್ಯಾನೂ ನಿಲ್ಲಿಸಿ, ಬಳ್ಳಾರಿಯ ಬಿಸಿಲಲ್ಲಿ ಬೆಂದು ಒಂದು ಆಲ್ಬಮ್ ಮಾಡಿದೆವು. ಹಾಡಿದವಳು ನಾನು. ನನ್ನ ಇಂಗ್ಲಿಷು ಊರು ದಾಟಿದರೆ ಯಾರಿಗೂ ತಿಳಿಯುವಂಥದ್ದಲ್ಲ. ಆದರೆ ದನಿ ಇದೆ, ಇಲ್ಲವೆನ್ನಲಾರೆ.

ಅದರಲ್ಲಿ ಬಾರದವನನ್ನು ಕಾಯುವ ಹೆಂಗಸಿನ ಹಾಡೊಂದಿತ್ತು. ಅದನ್ನು ಹಾಡುವಾಗ ಪ್ರತಿ ಸಾಲಿನ ಕೊನೆಗೂ ನನ್ನ ದನಿ ತಾನಾಗಿ ಕೆಳಗೆ ಜಾರಿ, ಬಿದ್ದೇಹೋಯಿತು ಎನ್ನುವಾಗ ಸಾವರಿಸಿಕೊಂಡು ಏಳುತ್ತಿತ್ತು. ಡೇವಿಡ್ಡಣ್ಣ ಗಿಟಾರ್ ನಿಲ್ಲಿಸಿ, "ಇದನ್ನ ನಾ ಕಲಿಸಿದ್ದಲ್ಲ ತಂಗಿ. ಎಲ್ಲಿಂದ ತಂದಿ?" ಎಂದರು. "ಕೇಳಿ ಕೇಳಿ ಬಂತಣ್ಣ" ಎಂದೆ. ಒಳಗೊಳಗೇ ಉಬ್ಬಿಹೋಗಿದ್ದೆ.

ಆ ಉಬ್ಬಿನಲ್ಲೇ ಕುರುಗೋಡಿಗೆ ಹೋದೆ. ಅಲ್ಲಿ ನನ್ನ ಅಪ್ಪನ ಅಕ್ಕ ಗಂಗತ್ತೆ ಇದ್ದಾಳೆ. ನನಗೆ ಮಾತು ಬರುವ ಮೊದಲೇ ಅಪ್ಪ ತೀರಿಕೊಂಡರು. ಅವ್ವ ಹೊಲದ ಕೆಲಸಕ್ಕೆ ಹೋದರೆ ನನ್ನನ್ನು ಎತ್ತಿ ಆಡಿಸಿದವಳು ಗಂಗತ್ತೆಯೇ. ಅಕ್ಕಿ ಆರಿಸುತ್ತ ಕೂತಿದ್ದಳು. ಫೋನಿನಲ್ಲಿ ಹಾಡು ಹಚ್ಚಿ ಮೊರದ ಪಕ್ಕ ಇಟ್ಟೆ. ಎರಡು ಸಾಲು ಮುಗಿಯುವಷ್ಟರಲ್ಲಿ ಅವಳ ಕೈ ನಿಂತಿತು.

"ಬಂದ್ ಮಾಡು ಅದನ್ನ."

"ಯಾಕತ್ತಿ, ಚಲೋ ಇಲ್ಲೇನು?"

"ಚಲೋ ಐತಿ, ಅದಕ್ಕ ಬಂದ್ ಮಾಡು. ಇದು ಸತ್ತ ಮನಿ ಹಾಡು. ನಿಮ್ಮಪ್ಪನ ಮುಂದ ಕುಂತು ನಾ ಹಿಂಗ ಹಾಡ್ಕೊಂಡು ಅತ್ತಿದ್ದೆ. ಗಂಡ ಇರೋ ಮನ್ಯಾಗ ಇದನ್ನ ಹಾಡ್ತಾರೇನವ್ವ?"

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕೂತು, ಸತ್ತವರ ಹೆಸರು ಹಿಡಿದು, ಅವರ ಗುಣ ಹೇಳಿ ಹಾಡುತ್ತ ಅಳುತ್ತಾರೆ. ಸಾವಿಲ್ಲದ ಹೊತ್ತಿನಲ್ಲಿ ಆ ಧಾಟಿ ಬಾಯಿಗೆ ಬರಬಾರದು. ಗಂಗತ್ತೆ ಅದನ್ನು ಆಮೇಲೆ ನನ್ನೆದುರು ಹಾಡಿದ್ದೇ ಇಲ್ಲ. ಅವಳ ತೊಡೆಯ ಮೇಲೆ ಮಲಗಿದ್ದ ಕೂಸಿನ ಕಿವಿಗೆ ಅವತ್ತು ಬಿದ್ದದ್ದು ಇಷ್ಟು ವರ್ಷ ಎಲ್ಲಿತ್ತೋ, ಡೇವಿಡ್ಡಣ್ಣನ ಕೋಣೆಯಲ್ಲಿ ಹೊರಗೆ ಬಂದಿತ್ತು.

ನಾನು ಓದಿದವಳು, ಇಂಥದ್ದನ್ನೆಲ್ಲ ನಂಬುವವಳಲ್ಲ. ಹಾಗೆಂದು ಬಸ್ಸಿನಲ್ಲಿ ಬಳ್ಳಾರಿ ತಲುಪುವ ತನಕ ನನಗೆ ನಾನೇ ಹೇಳಿಕೊಂಡೆ. ಇಳಿದ ಕೂಡಲೇ ಗಂಡನಿಗೆ ಫೋನ್ ಮಾಡಿದೆ. ಅವತ್ತಿನಿಂದ ಅದೇ ಚಾಳಿ. ಗಿರಣಿಯ ಗದ್ದಲದಲ್ಲಿ ಅವರಿಗೆ ಕೇಳಿಸದಿದ್ದರೆ ಎತ್ತುವ ತನಕ ಮಾಡುತ್ತಲೇ ಇರುತ್ತೇನೆ. ಆ ಹಾಡನ್ನು ತಡೆದು ಇಡಿ ಎಂದು ಡೇವಿಡ್ಡಣ್ಣನಿಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಬ್ಯಾಡಂದ್ರ ತಗಿಯೋಣ. ಆದ್ರ ಅದೊಂದು ಹೋದ್ರ ಉಳಿಯೋದು ಬರೇ ನಾವು ಅಭ್ಯಾಸ ಮಾಡಿದ್ದು" ಎಂದರು. ನಾಳೆ ಆಲ್ಬಮ್ ಬಿಡುಗಡೆ. ಇವತ್ತೇ ನಾನು ಹೂಂ ಅಥವಾ ಊಹೂಂ ಅನ್ನಬೇಕಿತ್ತು.

ಇವತ್ತೇ ನಮ್ಮ ಮನೆಯವರು ವ್ಯಾಪ್ತಿ ಪ್ರದೇಶದ ಹೊರಗೆ ಹೋಗಿದ್ದರು. ಕತ್ತಲಾಗುವ ಹೊತ್ತಿಗೆ ಗಂಗತ್ತೆಯ ಫೋನ್ ಬಂತು.

"ಮಹೇಶಪ್ಪ ಬಂದನೇನು?"

"ಇಲ್ಲತ್ತಿ."

"ಫೋನ್ ಇಡಬ್ಯಾಡ. ಬರೋತನ ನಾನೂ ಇರ್ತೀನಿ."

ಅವಳ ಉಸಿರು ನನಗೆ, ನನ್ನದು ಅವಳಿಗೆ ಕೇಳುತ್ತಿತ್ತು. ಆ ಹಾಡು ಬೇಡವೇ ಬೇಡ ಎಂದು ಆಗಲೇ ತೀರ್ಮಾನಿಸಿಬಿಟ್ಟೆ. ಅಷ್ಟರಲ್ಲಿ ಬಾಗಿಲಲ್ಲಿ ಬೈಕ್ ನಿಂತ ಸದ್ದು. ತಲೆತುಂಬ ತೌಡಿನ ಪುಡಿ ಹೊತ್ತು ಒಳಗೆ ಬಂದವರು, "ಕಾಲುವ್ಯಾಗ ಮುಖ ತೊಳಿಯಾಕ ಬಗ್ಗಿದ್ದೆ, ಫೋನ್ ನೀರಾಗ ಬಿತ್ತು" ಎಂದು ತಪ್ಪು ಮಾಡಿದವರಂತೆ ನಿಂತರು.

ಅವರ ದನಿ ಗಂಗತ್ತೆಗೂ ಕೇಳಿತ್ತು. "ನಾನೂ ವಿಚಾರ ಮಾಡೀನವ್ವ" ಎಂದಳು. "ನೀ ಹಾಡಿದ್ದು ತಪ್ಪಲ್ಲ. ಯಾರಿಗಂತ ಹೇಳದ ಹಾಡೀದಿ, ಅದು ತಪ್ಪು. ಹೆಸರಿಲ್ಲದ ಅಳು ಮನಿ ಮನಿ ಹುಡುಕ್ಯಾಡತೈತಿ. ನಿಮ್ಮಪ್ಪ ಹೋದಾಗ ನಾವೆಲ್ಲ ಅತ್ವಿ, ನಿನಗ ತಿಳೀತಿದ್ದಿಲ್ಲ. ಇದು ಅವಗ ಅಂತ ಹೇಳಿಬಿಡು."

ಡೇವಿಡ್ಡಣ್ಣನಿಗೆ ಫೋನ್ ಮಾಡಿದೆ. "ಹಾಡು ಇರ್ಲಿ ಅಣ್ಣ. ಅದರ ಕೆಳಗ ನಮ್ಮಪ್ಪನ ಹೆಸರು ಹಾಕ್ರಿ" ಎಂದೆ.

"ಹಾಕೋಣ. ಏನು ಹೆಸರು?"

ಅರ್ಜಿಗಳಲ್ಲಿ ಎಷ್ಟೋ ಸಲ ಬರೆದ ಹೆಸರದು. ಯಾರನ್ನೋ ಕರೆಯುವಂತೆ ಬಾಯಲ್ಲಿ ಹೇಳಿದ್ದು ಇದೇ ಮೊದಲು.

"ಸರಿಯಾಗಿ ಕೇಳಲಿಲ್ಲ ತಂಗಿ, ಇನ್ನೊಮ್ಮೆ ಹೇಳು" ಎಂದರು ಡೇವಿಡ್ಡಣ್ಣ.

ನನ್ನಿಂದ ಆಗಲಿಲ್ಲ. ನಮ್ಮ ಮನೆಯವರು ಮೆಲ್ಲಗೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ತಾವು ಎಂದೂ ಕಂಡಿರದ ಮಾವನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದರು.